ಸುತ್ತ ನಿಂತವರು

ಮಾತಾಡುತ್ತಿರುವವರು ಇಬ್ಬರು. ಒಬ್ಬರು ದೊಡ್ಡಬಳ್ಳಾಪುರ ತಾಲ್ಲೂಕಿನ ಹೈಸ್ಕೂಲುಗಳಲ್ಲಿ ದೈಹಿಕ ಶಿಕ್ಷಕರಾಗಿದ್ದು ನಿವೃತ್ತರಾದವರು, ಊರಿಗೆಲ್ಲ ಪಿಟಿ ಮೇಷ್ಟ್ರು. ಇನ್ನೊಬ್ಬಾಕೆ ಒಂದು ಕಾಲಕ್ಕೆ ಅವರ ಕೈಲಿ ಖೋಖೋ ಕಲಿತವಳು. ಈಗ ಗಾರ್ಮೆಂಟ್ಸಿನಲ್ಲಿ ಕೆಲಸ, ಮಗ ಒಂಬತ್ತನೇ ಕ್ಲಾಸು. 1986ರಿಂದ ಬೆಂಗಳೂರು ಗ್ರಾಮಾಂತರ ಎನಿಸಿಕೊಂಡು, 2025ರ ಜುಲೈನಲ್ಲಿ ನಂದಿಬೆಟ್ಟದ ಸಂಪುಟ ಸಭೆಯಲ್ಲಿ ಬೆಂಗಳೂರು ಉತ್ತರ ಎಂಬ ಹೆಸರಿಗೆ ಒಪ್ಪಿಗೆ ಪಡೆದ ಜಿಲ್ಲೆ ಇದು. ಊರು ಅಷ್ಟು ಗೊತ್ತಾದರೆ ಸಾಕು. ಸ್ಕೂಲು ಯಾವುದು ಎನ್ನುವುದು ಇಲ್ಲಿ ಬೇಡ.

ತಾಯಿ: ನನ್ನ ಮಗ ಕೈ ಮಾಡಿಲ್ಲ ಮೇಷ್ಟ್ರೇ. ಹೊಡೆದೋರು ಮೂರು ಜನ, ಅವರು ಬೇರೆ. ಇವನು ವಿಡಿಯೊ ಮಾಡಿದಾನೆ, ಅಷ್ಟೆ. ಅದಕ್ಕೆ ನಾಳೆ ಸ್ಕೂಲಿಗೆ ಬನ್ನಿ, ನಾಲ್ಕು ಜನಕ್ಕೂ ಟಿಸಿ ಕೊಡ್ತೀವಿ ಅಂತ ಫೋನ್ ಬಂತು.

ಮೇಷ್ಟ್ರು: ವಿಡಿಯೊ ನೋಡಿದ್ಯಾ?

ತಾಯಿ: ನೋಡಿದೆ. ಊಟದ ಬೆಲ್ ಆದ ಮೇಲೆ ಯಾರೋ ಕಳಿಸಿದ್ರು.

ಮೇಷ್ಟ್ರು: ಸೌಂಡ್ ಇಟ್ಕೊಂಡು ನೋಡಿದ್ಯಾ?

ತಾಯಿ: ಇಲ್ಲ. ಅಕ್ಕಪಕ್ಕ ಜನ ಇದ್ರು.

ಮೇಷ್ಟ್ರು: ಈಗ ಹಾಕು.

ನಲವತ್ತು ಸೆಕೆಂಡಿನ ತುಣುಕು. ಸ್ಕೂಲಿನ ನೀರಿನ ಟ್ಯಾಂಕಿನ ಹಿಂಭಾಗ. ಸಣಕಲ ಹುಡುಗನೊಬ್ಬನ ಬೆನ್ನ ಮೇಲೆ ಬ್ಯಾಗು ಇನ್ನೂ ಇದೆ. ಒಬ್ಬ ಕಾಲರ್ ಹಿಡಿದಿದ್ದಾನೆ, ಇನ್ನೊಬ್ಬ ಕೆನ್ನೆಗೆ ಬಿಡುತ್ತಾನೆ, ಮೂರನೆಯವನು ಬ್ಯಾಗಿನ ಜಿಪ್ ಎಳೆದು ಪುಸ್ತಕ ಉದುರಿಸುತ್ತಾನೆ. ಹುಡುಗ ಏಟು ತಪ್ಪಿಸಿಕೊಳ್ಳುವುದು ಬಿಟ್ಟು ಪುಸ್ತಕ ಆಯ್ದುಕೊಳ್ಳಲು ಬಗ್ಗುತ್ತಾನೆ. ಸುತ್ತ ಹತ್ತು ಹನ್ನೆರಡು ಜೊತೆ ಕಾಲುಗಳು. ಸದ್ದು ಹಾಕಿದಾಗ ಮೊದಲು ಕೇಳುವುದು ನಗು. ಆಮೇಲೆ ಫೋನಿಗೆ ತೀರ ಹತ್ತಿರದಿಂದ, ಉಳಿದೆಲ್ಲ ದನಿಗಿಂತ ಸ್ಪಷ್ಟವಾಗಿ: "ಅವನ ಮುಖ ಈ ಕಡೆ ತಿರುಗ್ಸೋ, ಕಾಣಿಸ್ತಾ ಇಲ್ಲ."

ತಾಯಿ: ಇದು ಇವನ ದನಿ.

ಮೇಷ್ಟ್ರು: ಹೂಂ. ಇವನು ಹೇಳಿದ ಮೇಲೆ ಕಾಲರ್ ಹಿಡಿದವನು ಏನು ಮಾಡ್ದ ನೋಡು. ತಿರುಗಿಸಿದ.

ತಾಯಿ: ಮನೇಲಿ ಬಾಯಿ ಬಿಡಲ್ಲ ಮೇಷ್ಟ್ರೇ ಅವನು. ತಂಗಿ ಜೊತೆ ಕೂಡ ಜಗಳ ಇಲ್ಲ.

ಮೇಷ್ಟ್ರು: ಇರಬಹುದು. ಮನೇಲಿ ಸುತ್ತ ನಿಂತು ನೋಡೋರು ಯಾರೂ ಇಲ್ವಲ್ಲ. ನಾನು ಮೈದಾನದಲ್ಲಿ ವರ್ಷಗಟ್ಟಲೆ ನಿಂತವನು. ಜಗಳ ಆಡೋ ಹುಡುಗನ ಕಣ್ಣು ಎದುರಾಳಿ ಮೇಲೆ ಇರಲ್ಲಮ್ಮ. ಒಂದು ಏಟು ಹಾಕ್ತಾನೆ, ಸುತ್ತ ಒಂದು ಸಲ ನೋಡ್ತಾನೆ. ಯಾರು ನಕ್ಕರು, ಯಾರು ಹೋ ಅಂದರು, ಅದನ್ನ ನೋಡಿ ಇನ್ನೊಂದು ಏಟು. ನಾನು ವಿಷಲ್ ಊದಿದ ತಕ್ಷಣ ಮೊದಲು ಓಡೋರು ಸುತ್ತ ನಿಂತೋರು. ಅವರು ಓಡಿದ ಮೇಲೆ ಹೊಡೆಯೋನ ಕೈ ತಾನಾಗೇ ಇಳಿಯುತ್ತೆ. ಆಗ ಇಬ್ಬರನ್ನೂ ಬಿಡಿಸೋಕೆ ನನಗೆ ಬಲವೇ ಬೇಕಾಗ್ತಿರಲಿಲ್ಲ.

ತಾಯಿ: ಹಾಗಂತ ಹೊಡೆದೋನಿಗೂ ನೋಡಿದೋನಿಗೂ ಒಂದೇ ಶಿಕ್ಷೆನಾ?

ಮೇಷ್ಟ್ರು: ಒಂದೇ ಅಂತ ನಾನು ಹೇಳ್ತಿಲ್ಲ. ನೋಡಿದವನಿಗೆ ಶಿಕ್ಷೆಗಿಂತ ಹೆಚ್ಚಾಗಿ ಕೆಲಸ ಇದೆ ಅಂತೀನಿ.

ಇಲ್ಲಿ ಬರೆಯುವವನು ಒಂದು ಮಾತು ಸೇರಿಸಬೇಕು. ಮೇಷ್ಟ್ರು ಮೈದಾನದಲ್ಲಿ ಕಂಡದ್ದನ್ನೇ ಕೆನಡಾದ ಟೊರಾಂಟೊದಲ್ಲಿ ಸಂಶೋಧಕರು ಶಾಲಾ ಮೈದಾನಗಳಲ್ಲಿ ಕ್ಯಾಮೆರಾ ಇಟ್ಟು ನೋಡಿದ್ದರು. 2001ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಒಂದು ಮಗು ಇನ್ನೊಂದನ್ನು ಕಾಡುವಾಗ ನೂರಕ್ಕೆ 88 ಸಲ ಸುತ್ತ ಬೇರೆ ಮಕ್ಕಳು ಇದ್ದರು. ಅವರಲ್ಲಿ ಯಾರಾದರೂ ನಡುವೆ ಬಾಯಿ ಹಾಕಿದ್ದು ನೂರಕ್ಕೆ 19 ಸಲ ಮಾತ್ರ. ಆದರೆ ಬಾಯಿ ಹಾಕಿದಾಗ ಅರ್ಧಕ್ಕಿಂತ ಹೆಚ್ಚು ಸಲ, ಲೆಕ್ಕದಲ್ಲಿ ನೂರಕ್ಕೆ 57 ಸಲ, ಕಾಟ 10 ಸೆಕೆಂಡಿನೊಳಗೆ ನಿಂತಿತು. ಅವರು ಪ್ರೈಮರಿ ಮಕ್ಕಳು ಎನ್ನುವುದು ನೆನಪಿರಲಿ. ಒಂಬತ್ತನೇ ಕ್ಲಾಸಿನ ಹುಡುಗರ ಜೇಬಿನಲ್ಲಿ ಏನಿರುತ್ತದೋ ಹೇಳಲಾಗದು. ಫಿನ್ಲೆಂಡಿನ ಶಾಲೆಗಳಲ್ಲಿ 2009ರಿಂದ ದೇಶದುದ್ದಕ್ಕೂ ಹರಡಿದ ಕೀವಾ ಎಂಬ ಕಾರ್ಯಕ್ರಮ ಕಾಡುವವನಿಗಿಂತ ಮೊದಲು ನೋಡುತ್ತ ನಿಂತವರಿಗೆ ಪಾಠ ಹೇಳುತ್ತದೆ.

ತಾಯಿ: ನಡುವೆ ಹೋಗು ಅಂತ ನಾನು ನನ್ನ ಮಗನಿಗೆ ಹೇಗೆ ಹೇಳಲಿ? ದೊಡ್ಡಬೆಳವಂಗಲದಲ್ಲಿ ಆಗಿದ್ದು ಮರೆತುಬಿಟ್ರಾ?

ಮೇಷ್ಟ್ರು: ಮರೆಯೋ ಹಂಗಿಲ್ಲ. 2023ರ ಫೆಬ್ರುವರಿ. ಕ್ರಿಕೆಟ್ ಟೂರ್ನಮೆಂಟು. ಕಾರು ನಿಲ್ಲಿಸೋ ವಿಷಯಕ್ಕೆ ಶುರುವಾದ ಮಾತು ಇಬ್ಬರ ಕೊಲೆಯಲ್ಲಿ ಮುಗೀತು. ಒಬ್ಬನಿಗೆ ಇನ್ನೂ ಹದಿನೇಳು.

ತಾಯಿ: ಹುಬ್ಬಳ್ಳಿಲಿ ಇನ್ನೂ ಚಿಕ್ಕೋರು.

ಮೇಷ್ಟ್ರು: 2025ರ ಮೇ. ಆರನೇ ಕ್ಲಾಸಿನ ಹುಡುಗ ಒಂಬತ್ತನೇ ಕ್ಲಾಸಿನ ಹುಡುಗನಿಗೆ ಚಾಕು ಹಾಕಿದ. ಬೇಸಿಗೆ ರಜೆ, ಬೀದಿಯ ಆಟ, ಆಟದ ಮೇಲೆ ಜಗಳ. ಇಂಥದ್ದು ಪೇಪರಲ್ಲಿ ಬಂದಾಗ ನಾವು ಚಾಕು ಎಲ್ಲಿಂದ ಬಂತು ಅಂತ ಕೇಳ್ತೀವಿ. ಅದಕ್ಕೆ ಮೊದಲು ಏನೇನು ನಡೆದಿತ್ತು ಅಂತ ಕೇಳಲ್ಲ. ಚಾಕು ಇದ್ದ ಕಡೆ ನಡುವೆ ಹೋಗಬಾರದು, ಓಡಿ ದೊಡ್ಡವರನ್ನ ಕರೀಬೇಕು. ಅದನ್ನ ಮಗನಿಗೆ ಖಂಡಿತ ಹೇಳು. ಆದರೆ ನಿನ್ನ ಮಗನ ವಿಡಿಯೊದಲ್ಲಿ ಚಾಕು ಇಲ್ಲ. ಪುಸ್ತಕ ಆಯ್ದುಕೊಡೋಕೆ ಒಬ್ಬ ಬಗ್ಗಿದ್ರೆ ಸಾಕಿತ್ತು. ಸರಿ, ಆ ಪೆಟ್ಟು ತಿಂದ ಹುಡುಗ ಯಾರು?

ತಾಯಿ: ಯಾದಗಿರಿ ಕಡೆಯೋರು. ಅಪ್ಪ ಗಾರೆ ಕೆಲಸ. ಬಾಶೆಟ್ಟಿಹಳ್ಳಿ ಹತ್ರ ಶೆಡ್ಡಲ್ಲಿ ಇದ್ದಾರೆ. ಜೂನಲ್ಲಿ ಸೇರಿದವನು.

ಮೇಷ್ಟ್ರು: ಶುರುವಾಗಿದ್ದು ಯಾವಾಗ?

ತಾಯಿ: ರಾತ್ರಿ ಮಗನ್ನ ಕೂರಿಸಿಕೊಂಡು ಕೇಳಿದೆ. ಆ ಹುಡುಗನ ಮಾತಿನ ಧಾಟಿಯಿಂದ ಶುರುವಂತೆ. ಆ ಹುಡುಗ ಎದ್ದು ಉತ್ತರ ಹೇಳುವಾಗ ಅವರ ಕಡೆ ಮಾತಲ್ಲಿ ಹೇಳಿದ್ದಾನೆ. ಸರ್ ಒಬ್ಬರು ಅವನ ಥರಾನೇ ರಾಗ ಎಳೆದು ಹೇಳಿ ತೋರಿಸಿದ್ರಂತೆ. ಇಡೀ ಕ್ಲಾಸು ನಕ್ಕಿತಂತೆ. ಆ ಹುಡುಗನೂ ನಕ್ಕನಂತೆ.

ಮೇಷ್ಟ್ರು: ಅಲ್ಲಿಗೆ ಲೈಸೆನ್ಸ್ ಸಿಕ್ತು.

ತಾಯಿ: ಸರ್ ಕೆಟ್ಟೋರಲ್ಲ. ತಮಾಷೆಗೆ ಅಂದಿರ್ತಾರೆ.

ಮೇಷ್ಟ್ರು: ತಮಾಷೆಗೇ. ನಾನು ಅವರನ್ನ ದೂರ್ತಾ ಇಲ್ಲ. ಆದರೆ ಹುಡುಗರಿಗೆ ಗೊತ್ತಾಗಿದ್ದು ಏನು? ಈ ಹುಡುಗನನ್ನ ರೇಗಿಸಿದ್ರೆ ಮೇಷ್ಟ್ರು ಬೈಯಲ್ಲ, ಅವರೂ ನಗ್ತಾರೆ. ಆಮೇಲೆ ಏನಾಯ್ತು?

ತಾಯಿ: ಹೆಸರು ಹಿಡಿದು ಕರೆಯೋದು ಬಿಟ್ರಂತೆ. ಬಸ್ಸಲ್ಲಿ ಸೀಟು ಹಿಡಿಸೋದು, ನೋಟ್ಸ್ ಬರೆಸೋದು. ಆಮೇಲೆ ಬಿಸಿಯೂಟದ ತಟ್ಟೆ ತೊಳೆಸಿದಾರೆ. ಒಂದು ದಿನ ತೊಳೆಯಲ್ಲ ಅಂದಿದಾನೆ. ಟ್ಯಾಂಕ್ ಹಿಂದೆ ಬಾ ಅಂದಿದಾರೆ.

ಮೇಷ್ಟ್ರು: ನೋಡು, ಜೂನಿಂದ ಇವತ್ತಿನ ತನಕ ನಾಲ್ಕು ಕಡೆ ತಡೀಬಹುದಿತ್ತು. ಕ್ಲಾಸಲ್ಲಿ, ಬಸ್ಸಲ್ಲಿ, ಊಟದ ಸಾಲಲ್ಲಿ, ಟ್ಯಾಂಕಿನ ಹತ್ತಿರ. ನಾವು ಎಚ್ಚೆತ್ತಿದ್ದು ಐದನೇ ಕಡೆ, ವಾಟ್ಸ್ಆ್ಯಪಲ್ಲಿ. ಅದೂ ಹುಡುಗನಿಗೆ ನೋವಾಯ್ತು ಅಂತಲ್ಲ, ಸ್ಕೂಲಿನ ಹೆಸರು ಹೋಗುತ್ತೆ ಅಂತ. ಅವನು ಯಾರಿಗೂ ಹೇಳಲಿಲ್ವಾ?

ತಾಯಿ: ಒಂದು ಸಲ ಹೇಳಿದ್ನಂತೆ. ಸ್ಟಾಫ್ ರೂಮಿಗೆ ಹೋಗಿ. "ನಿನ್ನನ್ನೇ ಯಾಕೋ ರೇಗಿಸ್ತಾರೆ, ನೀನೂ ಏನೋ ಮಾಡಿರ್ತೀಯ" ಅಂದ್ರಂತೆ. ಆಮೇಲೆ ಆ ಮೂರು ಜನಾನ ಕರೆಸಿ, ಇವನ ಎದುರಿಗೇ, "ಇವನು ನಿಮ್ಮ ಮೇಲೆ ಕಂಪ್ಲೇಂಟ್ ಹೇಳ್ತಿದಾನೆ, ಹೌದೇನ್ರೋ?" ಅಂದ್ರಂತೆ.

ಮೇಷ್ಟ್ರು: ಅಯ್ಯೋ.

ತಾಯಿ: ದೂರು ಪೆಟ್ಟಿಗೆ ಇದೆ ಮೇಷ್ಟ್ರೇ ಸ್ಕೂಲಲ್ಲಿ. ನೀಲಿ ಬಣ್ಣ ಹೊಡೆದು ಬೀಗ ಹಾಕಿದಾರೆ. ಹೆಡ್‌ಮೇಷ್ಟ್ರ ರೂಮಿನ ಬಾಗಿಲಿಗೇ ನೇತು ಹಾಕಿದಾರೆ. ಚೀಟಿ ಹಾಕೋನನ್ನ ಇಡೀ ಸ್ಕೂಲು ನೋಡುತ್ತೆ. ಬೀಗದ ಕೈ ಯಾರ ಹತ್ರ ಇದೆ ಅಂತ ಎಸ್‌ಡಿಎಂಸಿ ಮೀಟಿಂಗಲ್ಲಿ ಒಬ್ಬರು ಕೇಳಿದ್ರು. ಹುಡುಕಬೇಕು ಅಂದ್ರು.

ಮೇಷ್ಟ್ರು: ಕಾಗದದಲ್ಲಿ ಎಲ್ಲ ಇದೆಯಮ್ಮ. ನಮ್ಮ ರಾಜ್ಯದ ಶಿಕ್ಷಣ ಕಾಯ್ದೆ 1983ರದ್ದು, ಜಾರಿಗೆ ಬಂದಿದ್ದು 1995ರಲ್ಲಿ. ಅದರಲ್ಲೇ ರ‍್ಯಾಗಿಂಗ್ ಅಂದ್ರೆ ಏನು ಅಂತ ಬರೆದಿದೆ. ತಮಾಷೆಗೆ ಮಾಡಿದ್ರೂ, ಒಬ್ಬ ವಿದ್ಯಾರ್ಥಿಯ ಮಾನ ಕಳೆಯೋ ಕೆಲಸ ಅವನ ಕೈಲಿ ಮಾಡಿಸಿದ್ರೆ ಅದು ರ‍್ಯಾಗಿಂಗೇ. ಒಂದು ವರ್ಷದ ತನಕ ಸಜೆ ಇದೆ. ಎಲ್ಲರೂ ಅದು ಮೆಡಿಕಲ್, ಎಂಜಿನಿಯರಿಂಗ್ ಕಾಲೇಜಿನ ಮಾತು ಅಂದ್ಕೊಂಡಿದಾರೆ. ತಟ್ಟೆ ತೊಳೆಸಿದ್ದು ಅದಕ್ಕೆ ಸೇರಲ್ವಾ?

ತಾಯಿ: ಹಂಗಾದ್ರೆ ಪೊಲೀಸು ಬರ್ತಾರಾ?

ಮೇಷ್ಟ್ರು: ಹೆದರಬೇಡ. ನಿನ್ನ ಮಗನಿಗೂ ಆ ಮೂವರಿಗೂ ಹದಿನೆಂಟು ತುಂಬಿಲ್ಲ. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಲಾಕಪ್ಪಿಗೆ ಹಾಕೋ ಹಂಗಿಲ್ಲ. ಹಿಡಿದರೆ 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿ ಮುಂದೆ ಹಾಜರು ಮಾಡಬೇಕು. ಸಣ್ಣಪುಟ್ಟ ಹೊಡೆದಾಟಕ್ಕೆ ಎಫ್‌ಐಆರ್ ಹಾಕಲ್ಲ. ಸ್ಟೇಷನ್ ಡೈರಿಲಿ ಬರೆದು, ಹುಡುಗನ ಮನೆ ಪರಿಸ್ಥಿತಿ ಏನು ಅಂತ ವರದಿ ಮಾಡ್ತಾರೆ. ಕಾಯ್ದೆ ಹುಡುಗರನ್ನ ಹಾಳು ಮಾಡೋಕೆ ಇರೋದಲ್ಲ. ಆದರೆ ಒಂದು ಮಾತು. ಆ ವಿಡಿಯೊ ಇನ್ಯಾರಿಗೂ ಕಳಿಸಬೇಡ. ಹೆಡ್‌ಮೇಷ್ಟ್ರು ನೋಡೋ ತನಕ ಅಳಿಸಲೂ ಬೇಡ. ಮಗ ಯಾರ್ಯಾರಿಗೆ ಕಳಿಸಿದಾನೋ ಅವರಿಗೆಲ್ಲ ಅವನೇ ಫೋನ್ ಮಾಡಿ ತೆಗೀರಿ ಅನ್ನಲಿ. ಒಬ್ಬೊಬ್ಬರಿಗೂ. ಮೆಸೇಜಲ್ಲಿ ಬೇಡ, ಬಾಯಲ್ಲೇ ಹೇಳಲಿ.

ತಾಯಿ: ನಿಮ್ಮ ಕಾಲದಲ್ಲಿ ನೀವು ಬೆತ್ತ ಹಿಡಿದು ಬಂದ್ರೆ ಇದೆಲ್ಲ ಇರಲಿಲ್ಲ ಅಂತ ನಮ್ಮ ಮನೆಯವರು ಹೇಳ್ತಾರೆ. ಈಗ ಮೇಷ್ಟ್ರುಗಳ ಕೈ ಕಟ್ಟಿಹಾಕಿದಾರೆ ಅಂತ.

ಮೇಷ್ಟ್ರು: ಬೆತ್ತ ಇದ್ದಾಗಲೂ ಇತ್ತು. ನನ್ನ ಕಣ್ಣಿಗೆ ಬೀಳದ ಜಾಗಕ್ಕೆ ಹೋಗ್ತಿತ್ತು. ದೊಡ್ಡವನು ಚಿಕ್ಕವನಿಗೆ ಹೊಡೆದರೆ ಸರಿಹೋಗುತ್ತೆ ಅನ್ನೋದನ್ನ ನಾವೇ ತೋರಿಸಿ, ಆಮೇಲೆ ಹತ್ತನೇ ಕ್ಲಾಸಿನವನು ಎಂಟನೇ ಕ್ಲಾಸಿನವನಿಗೆ ಹೊಡೆದ ಅಂತ ಹೊಡೆದರೆ ಅವನು ಕಲಿಯೋದು ಏನನ್ನ? 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ನು ಹೊಡೆಯೋದನ್ನ ಮಾತ್ರ ಅಲ್ಲ, ಮಾನಸಿಕ ಹಿಂಸೆಯನ್ನೂ ಬೇಡ ಅನ್ನುತ್ತೆ. ಬೆತ್ತ ಬಿಟ್ಟಿದ್ದೀವಿ, ಬಾಯಿ ಬಿಟ್ಟಿಲ್ಲ. ದೂರ ಯಾಕೆ, ನಮ್ಮ ಹೊಸಕೋಟೆ ದಾಟಿದರೆ ಮಾಲೂರು. 2023ರ ಡಿಸೆಂಬರಲ್ಲಿ ಅಲ್ಲಿನ ಯಲವಳ್ಳಿ ಮೊರಾರ್ಜಿ ಶಾಲೆಯಲ್ಲಿ ಮಕ್ಕಳನ್ನ ಮಲದ ಗುಂಡಿಗೆ ಇಳಿಸಿದ್ದು ಹೊರಗೆ ಬಂತು. ಪ್ರಿನ್ಸಿಪಾಲರು ಅರೆಸ್ಟ್ ಆದ್ರು. ಅಲ್ಲಿ ಕಾಡಿದೋರು ಮಕ್ಕಳಲ್ಲ.

ತಾಯಿ: ಅಲ್ಲಿ ಜಾತಿ ಇತ್ತಲ್ಲ ಮೇಷ್ಟ್ರೇ.

ಮೇಷ್ಟ್ರು: ಇಲ್ಲಿ ಇಲ್ವಾ?

ತಾಯಿ: ...

ಮೇಷ್ಟ್ರು: ಆ ಹುಡುಗನ ಕೈಲೇ ಯಾಕೆ ತಟ್ಟೆ ತೊಳೆಸಿದ್ರು? ಮಾತು ಬೇರೆ ಅನ್ನೋದು ನೆಪ. ಮೀಟಿಂಗಲ್ಲಿ ಯಾರೂ ಬಾಯಿ ಬಿಡಲ್ಲ, ಹುಡುಗರಿಗೆ ಮಾತ್ರ ಎಲ್ಲಾ ಗೊತ್ತಿರುತ್ತೆ. ಯಾರ ಮನೆ ಯಾವ ಬೀದಿ, ಯಾರು ಕಾಲೊನಿಯವರು, ಹಾಜರಿ ಪುಸ್ತಕ ನೋಡದೇ ಹೇಳ್ತಾರೆ. ಇದೇ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ 2022ರ ಸೆಪ್ಟೆಂಬರಲ್ಲಿ ಹತ್ತನೇ ಕ್ಲಾಸಿನ ಹುಡುಗ ದೇವರ ಕೋಲು ಮುಟ್ಟಿದ ಅಂತ ಆ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದ್ರು. ದಂಡ ಹಾಕಿದ ಹಿರಿಯರ ಮನೆಯ ಮಕ್ಕಳು ಮಾರನೇ ದಿನ ಅದೇ ಹುಡುಗನ ಪಕ್ಕದ ಬೆಂಚಲ್ಲಿ ಕೂರೋ ಊರುಗಳು ನಮ್ಮವು.

ಇದು ಎಲ್ಲಿಗೆ ಹೋಗಿ ಮುಟ್ಟಬಹುದು ಎನ್ನುವುದನ್ನು ತಮಿಳುನಾಡು ನೋಡಿದೆ. 2023ರ ಆಗಸ್ಟಿನಲ್ಲಿ ತಿರುನೆಲ್ವೇಲಿ ಜಿಲ್ಲೆಯ ನಾಂಗುನೇರಿಯಲ್ಲಿ ಹನ್ನೆರಡನೇ ತರಗತಿಯ ದಲಿತ ಹುಡುಗನೊಬ್ಬ ಶಾಲೆಯಲ್ಲಿನ ಕಾಟ ತಾಳಲಾರದೆ ಹೋಗುವುದನ್ನೇ ಬಿಟ್ಟಿದ್ದ. ದೂರು ಹೋಯಿತು. ದೂರಿನ ಹಿಂದೆಯೇ ಜೊತೆಯ ಹುಡುಗರು ಕುಡುಗೋಲು ಹಿಡಿದು ಅವನ ಮನೆಗೇ ನುಗ್ಗಿದರು. ಅವನ ತಂಗಿಗೂ ಏಟು ಬಿತ್ತು. ಸರ್ಕಾರ ನೇಮಿಸಿದ ನಿವೃತ್ತ ನ್ಯಾಯಮೂರ್ತಿ ಕೆ. ಚಂದ್ರು ಅವರ ಏಕಸದಸ್ಯ ಸಮಿತಿ 2024ರ ಜೂನಿನಲ್ಲಿ ವರದಿ ಕೊಟ್ಟು, ಜಾತಿ ಸೂಚಿಸುವ ಬಣ್ಣದ ಕೈದಾರ ಶಾಲೆಯೊಳಗೆ ಬೇಡ, ಶಾಲೆಗಳ ಹೆಸರಿನಲ್ಲಿ ಜಾತಿ ಬೇಡ ಎಂದಿತು. ನಮ್ಮಲ್ಲಿ ಕೈದಾರದ ಲೆಕ್ಕ ಅಷ್ಟು ಬಿಗಿಯಾಗಿಲ್ಲ. ಆ ಒಂದು ಕಾರಣಕ್ಕೆ ನಾವು ಮೇಲು ಎಂದುಕೊಳ್ಳುವುದು ಅವಸರದ ಮಾತು. ಆ ಘಟನೆಯಲ್ಲಿ ನಮ್ಮ ಶಾಲೆಗಳು ನೋಡಬೇಕಾದದ್ದು ದೂರಿಗೂ ಕುಡುಗೋಲಿಗೂ ನಡುವೆ ಇದ್ದ ಆ ಚೂರು ಹೊತ್ತನ್ನು. ದೂರು ಕೊಟ್ಟವನನ್ನು ಆ ಹೊತ್ತಿನಲ್ಲಿ ಯಾರು ಕಾದರು?

ತಾಯಿ: ಆ ಮೂರು ಜನದಲ್ಲಿ ಒಬ್ಬನ ಅಣ್ಣ ಇದಾನೆ. ಅವನದ್ದೇ ಒಂದು ಗುಂಪು. ಮೊನ್ನೆ ಹುಟ್ಟಿದಹಬ್ಬಕ್ಕೆ ಸರ್ಕಲಲ್ಲಿ ಫ್ಲೆಕ್ಸು. ಅದರಲ್ಲಿ ಈ ಒಂಬತ್ತನೇ ಕ್ಲಾಸಿನ ಹುಡುಗನ ಫೋಟೊನೂ ಇತ್ತು, ಕೂಲಿಂಗ್ ಗ್ಲಾಸ್ ಹಾಕ್ಕೊಂಡು, "ಶುಭ ಕೋರುವವರು" ಸಾಲಲ್ಲಿ. ಕೇಕನ್ನ ಲಾಂಗಲ್ಲಿ ಕತ್ತರಿಸಿ ರೀಲ್ಸ್ ಮಾಡಿದಾರೆ. ನನ್ನ ಮಗ ಅದಕ್ಕೆ ಲೈಕ್ ಒತ್ತಿದಾನೆ.

ಮೇಷ್ಟ್ರು: ಈ ಹುಡುಗನಿಗೆ ಸ್ಕೂಲಲ್ಲಿ ಮಾರ್ಕ್ಸ್ ಇಲ್ಲ, ಆಟದಲ್ಲಿ ಹೆಸರಿಲ್ಲ, ಫ್ಲೆಕ್ಸಲ್ಲಿ ಮಾತ್ರ ಜಾಗ ಇದೆ. ಅವನು ಅದನ್ನ ಬಿಡ್ತಾನಾ? ಸಿನಿಮಾ ಸಿನಿಮಾ ಅಂತ ಎಲ್ಲರೂ ಬೈತಾರೆ. "ಓಂ" ಬಂದಿದ್ದು 1995ರಲ್ಲಿ. ಅದನ್ನ ನೋಡಿದ ನನ್ನ ಹುಡುಗರು ಈಗ ನಿಮ್ಮೂರಲ್ಲಿ ಮಗ್ಗ ನೇಯ್ತಿದಾರೆ, ಡೈರಿಗೆ ಹಾಲು ಹಾಕ್ತಿದಾರೆ. ಸಿನಿಮಾ ಮೂರು ಗಂಟೆಗೆ ಮುಗಿಯುತ್ತೆ. ಫ್ಲೆಕ್ಸಿಗೆ, ಟೂರ್ನಮೆಂಟಿಗೆ, ಕಪ್ಪಿಗೆ ದುಡ್ಡು ಕೊಡೋ ಅಣ್ಣಂದಿರು ವರ್ಷಾಪೂರ್ತಿ ಇರ್ತಾರೆ. ಏರ್‌ಪೋರ್ಟು 2008ರಲ್ಲಿ ಶುರುವಾದ ಮೇಲೆ ದೇವನಹಳ್ಳಿ ಕಡೆಯಿಂದ ಹಿಡಿದು ಇಲ್ಲೀವರೆಗೂ ಜಮೀನಿನ ದುಡ್ಡು ಹರಿದಾಡ್ತು. ಎರಡು ಎಕರೆ ಮಾರಿದ ಮನೆಯಲ್ಲಿ ಹದಿನೈದರ ಹುಡುಗನಿಗೆ ಬೈಕು. 2019ರ ತಿದ್ದುಪಡಿ ಬಂದು, ಮಗ ಓಡಿಸಿದ್ರೆ ಅಪ್ಪನಿಗೆ 25,000 ದಂಡ, ಮೂರು ವರ್ಷದ ತನಕ ಜೈಲು ಅಂತ ಆದರೂ ಸ್ಕೂಲಿನ ಗೇಟಿನ ಹೊರಗೆ ಬೈಕುಗಳು ಸಾಲಾಗಿ ನಿಂತಿರುತ್ತವೆ.

ತಾಯಿ: ಅಂಥ ಹುಡುಗನಿಗೆ ಟಿಸಿ ಕೊಟ್ಟು ಕಳಿಸೋದೇ ಸರಿ ಅಲ್ವಾ? ನನ್ನ ಮಗನಿಗೆ ಬೇಡ ಅಂತ ನಾನು ಕೇಳ್ಕೋತೀನಿ. ಅವನಿಗೆ ಕೊಡಲಿ.

ಮೇಷ್ಟ್ರು: ಕೊಟ್ಟರೆ ಎಲ್ಲಿಗೆ ಹೋಗ್ತಾನೆ? ಪಕ್ಕದ ಹೋಬಳಿ ಸ್ಕೂಲಿಗೆ. ಅಲ್ಲಿ ಇನ್ನೊಬ್ಬ ಹುಡುಗನ ಹತ್ರ ತಟ್ಟೆ ತೊಳೆಸ್ತಾನೆ. ಇಲ್ಲಾ ಓದು ಬಿಟ್ಟು ಅಣ್ಣನ ಹಿಂದೆ ಪೂರ್ತಿ ಹೊತ್ತು ನಿಲ್ತಾನೆ. ಅಣ್ಣಂಗೆ ಅದೇ ಬೇಕು. ಟಿಸಿ ಅನ್ನೋದು ಹೆಡ್‌ಮೇಷ್ಟ್ರ ತಲೆನೋವಿಗೆ ಮಾತ್ರೆ.

ತಾಯಿ: ಮಾತು ಚೆನ್ನಾಗಿದೆ. ಆ ಯಾದಗಿರಿ ಹುಡುಗ ಅವನ ಜೊತೆಗೇ ಕ್ಲಾಸಲ್ಲಿ ಕೂರಬೇಕಾ ಹಂಗಾದ್ರೆ? ಪೆಟ್ಟು ತಿಂದವನೇ ಸ್ಕೂಲು ಬಿಡ್ತಾನೆ ಕೊನೆಗೆ. ನೀವು ಕಾಡೋನ ಬಗ್ಗೆ ಕನಿಕರ ತೋರಿಸ್ತಾ ಇದೀರ.

ಮೇಷ್ಟ್ರು: ಸೆಕ್ಷನ್ ಬದಲಾಯಿಸಲಿ. ಜಾಗ ಬಿಡಬೇಕಾದವನು ಕಾಡಿದವನು, ಪೆಟ್ಟು ತಿಂದವನಲ್ಲ. ಅವನ ಅಪ್ಪ ಅಮ್ಮನ್ನ ಕರೆಸಲಿ, ಅಣ್ಣನ್ನ ಬೇಡ. ಊಟದ ಹೊತ್ತಲ್ಲಿ ಒಂದು ತಿಂಗಳು ಅವನು ನನ್ನಂಥ ಪಿಟಿ ಮೇಷ್ಟ್ರ ಕಣ್ಣ ಮುಂದೆ ಇರಲಿ. ಕನಿಕರ ಅಲ್ಲಮ್ಮ, ಇದು ಟಿಸಿಗಿಂತ ಕಷ್ಟದ ಕೆಲಸ. ಅದಕ್ಕೇ ಯಾರೂ ಮಾಡಲ್ಲ.

ತಾಯಿ: ಈಗಿರೋ ಪಿಟಿ ಮೇಷ್ಟ್ರಿಗೆ ಬಿಸಿಯೂಟದ ಲೆಕ್ಕ, ಚುನಾವಣೆ ಕೆಲಸ, ಆನ್‌ಲೈನ್ ಎಂಟ್ರಿ. ಮೈದಾನಕ್ಕೆ ಬರೋದೇ ಆಗಸ್ಟ್ ಹದಿನೈದಕ್ಕೆ.

ಮೇಷ್ಟ್ರು: ಅದೂ ನಿಜ.

ಶಾಲೆಯಲ್ಲಿ ಕಾಟ ತಡೆಯುವುದು ಹೇಗೆ ಎಂಬ ಪ್ರಶ್ನೆಯನ್ನು 1983ರಲ್ಲಿ ನಾರ್ವೆ ಎದುರಿಸಿತು. ಹಿಂದಿನ ವರ್ಷ ಮೂವರು ಹುಡುಗರು ಜೊತೆಗಾರರ ಕಾಟದಿಂದ ನೊಂದು ಜೀವ ಕಳೆದುಕೊಂಡಿದ್ದರು. ಸರ್ಕಾರ ದೇಶವ್ಯಾಪಿ ಅಭಿಯಾನ ನಡೆಸಿತು. ಡಾನ್ ಓಲ್ವೆಯಸ್ ಎಂಬ ಮನಶ್ಶಾಸ್ತ್ರಜ್ಞ ಬರ್ಗೆನ್ ನಗರದ ಸುಮಾರು 2,500 ಮಕ್ಕಳನ್ನು ಹಿಂಬಾಲಿಸಿ ನೋಡಿದಾಗ, ಎರಡು ವರ್ಷದಲ್ಲಿ ಕಾಟ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಅಲ್ಲಿ ಮಾಡಿದ್ದು ಕೇಳಿದರೆ ನಗು ಬರುವಷ್ಟು ಸಾದಾ ಕೆಲಸಗಳು. ಬಿಡುವಿನ ಹೊತ್ತು ದೊಡ್ಡವರು ಹೊರಗೆ ನಿಂತರು. ತರಗತಿಯಲ್ಲಿ ಮಕ್ಕಳೇ ಕೂತು ನಿಯಮ ಮಾತಾಡಿಕೊಂಡರು. ಕಾಡಿದವನ ಜೊತೆ, ಕಾಡಿಸಿಕೊಂಡವನ ಜೊತೆ, ಇಬ್ಬರ ಮನೆಯವರ ಜೊತೆ ಬೇರೆ ಬೇರೆಯಾಗಿ ಮಾತು ನಡೆಯಿತು. ಮುಂದೆ ಬೇರೆ ದೇಶಗಳಲ್ಲಿ ಅಷ್ಟು ಒಳ್ಳೆಯ ಫಲ ಎಲ್ಲ ಕಡೆ ಬರಲಿಲ್ಲ. ಕಾರ್ಯಕ್ರಮದ ಹೆಸರು ಇಟ್ಟುಕೊಂಡು ಹೊರಗೆ ನಿಲ್ಲುವ ಕೆಲಸ ಬಿಟ್ಟರೆ ಫಲ ಎಲ್ಲಿಂದ ಬರಬೇಕು?

ತಾಯಿ: ನೀವು ಇದ್ದಾಗ ಏನು ಮಾಡ್ತಿದ್ರಿ? ಬೆತ್ತ ಬಿಟ್ಟು.

ಮೇಷ್ಟ್ರು: ಕೊನೆಕೊನೆಗೆ ಒಂದು ಕೆಲಸ ಮಾಡ್ತಿದ್ದೆ. ಎಂಟನೇ ಕ್ಲಾಸಿನವರಿಗೆ ಒಂದೊಂದು ಹಾಳೆ ಕೊಟ್ಟು ಸ್ಕೂಲಿನ ನಕ್ಷೆ ಬರೀರಿ ಅಂತಿದ್ದೆ. ಹೆಸರು ಬರೆಯೋದು ಬೇಡ. ಹೋಗೋಕೆ ಹೆದರಿಕೆ ಆಗೋ ಜಾಗಕ್ಕೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿ. ಯಾರು ಹೆದರಿಸ್ತಾರೆ ಅಂತ ಕೇಳ್ತಿರಲಿಲ್ಲ. ಹಾಳೆ ಎಲ್ಲ ಒಂದರ ಮೇಲೊಂದು ಇಟ್ಟರೆ ಕೆಂಪು ಸುತ್ತು ಅಲ್ಲಲ್ಲೇ ಬಿದ್ದಿರ್ತಿತ್ತು. ಶೌಚಾಲಯದ ಹಿಂದೆ, ಸೈಕಲ್ ಸ್ಟ್ಯಾಂಡು. ಹೆಣ್ಣುಮಕ್ಕಳು ಸ್ಕೂಲಿನ ಹೊರಗೆ ಗೆರೆ ಎಳೆದು ಬಸ್‌ಸ್ಟಾಪ್ ಬರೆದು ಅದಕ್ಕೆ ಸುತ್ತು ಹಾಕ್ತಿದ್ರು. ನಾನು ಬರೀರಿ ಅಂದಿದ್ದ ನಕ್ಷೆಯಲ್ಲಿ ಬಸ್‌ಸ್ಟಾಪೇ ಇರಲಿಲ್ಲ.

ತಾಯಿ: ನಮ್ಮ ಕಾಲದಲ್ಲೂ ಅಲ್ಲೇ. ಹಿಂದಿನ ಸೀಟಿನವರು ಜಡೆ ಎಳೀತಿದ್ರು. ಮನೇಲಿ ಹೇಳಿದ್ರೆ ಸ್ಕೂಲು ಬಿಡಿಸ್ತಾರೆ ಅಂತ ಹೇಳ್ತಿರಲಿಲ್ಲ.

ಮೇಷ್ಟ್ರು: ಅದಕ್ಕೆ ಬೆಲ್ ಆದ ಮೇಲೆ ಬಸ್ ಬರೋ ತನಕ ನಾನೇ ಹೋಗಿ ನಿಲ್ತಿದ್ದೆ. ಏನೂ ಮಾಡ್ತಿರಲಿಲ್ಲ. ಟೀ ಕುಡಿದು, ಪೇಪರ್ ಓದ್ತಾ ನಿಲ್ತಿದ್ದೆ. ನಿಂತವನ ಎದುರಿಗೆ ಯಾರೂ ಜಡೆ ಎಳೆಯಲ್ಲ. ಮಕ್ಕಳ ಗ್ರಾಮ ಸಭೆ ಅಂತ 2006ರಿಂದ ಪಂಚಾಯ್ತಿಗಳಲ್ಲಿ ಮಾಡ್ತಾರಲ್ಲ, ಅಲ್ಲಿ ಮಕ್ಕಳು ಬಸ್ಸು ಕೇಳ್ತಾರೆ, ಶೌಚಾಲಯ ಕೇಳ್ತಾರೆ, ಪಿಡಿಒ ಬರ್ಕೋತಾರೆ. ಟ್ಯಾಂಕ್ ಹಿಂದೆ ಲೈಟ್ ಹಾಕಿಸಿ, ಪೊದೆ ಕಡಿಸಿ ಅಂತ ಕೇಳೋಕೂ ಅದೇ ಜಾಗ. ಯಾರೂ ಹೇಳಿಕೊಟ್ಟಿಲ್ಲ.

ತಾಯಿ: ಆ ಹುಡುಗನ ತಾಯಿ ನಮ್ಮ ಫ್ಯಾಕ್ಟ್ರಿಲೇ ಇದಾಳೆ ಮೇಷ್ಟ್ರೇ. ಫಿನಿಶಿಂಗ್ ಸೆಕ್ಷನ್ನು. ಊಟಕ್ಕೆ ಕೂತಾಗ ನೋಡಿದೀನಿ. ಅವಳಿಗೆ ವಿಡಿಯೊ ಬಂದಿದೆಯೋ ಇಲ್ವೋ.

ಮೇಷ್ಟ್ರು: ಮೊದಲು ಅವಳ ಹತ್ರ ಹೋಗು. ಕ್ಷಮೆ ಕೇಳೋಕೆ ಅಲ್ಲ. ಹುಡುಗ ಊಟ ಮಾಡ್ತಿದಾನಾ, ನಿದ್ದೆ ಮಾಡ್ತಿದಾನಾ ಅಂತ ಕೇಳು. ಮಂಕಾಗಿ ಕೂತಿದ್ರೆ ಟೆಲಿ ಮಾನಸ್ ಅಂತ ಇದೆ, 14416. ನಿಮ್ಹಾನ್ಸಿನವರೇ ಮುಂದೆ ನಿಂತು ನಡೆಸೋದು, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಮಕ್ಕಳ ಸಹಾಯವಾಣಿ 1098 ಹುಡುಗನೇ ಮಾಡಬಹುದು. ಎರಡೂ ನಂಬರ್ ಅವಳ ಫೋನಲ್ಲಿ ನೀನೇ ಹಾಕಿಕೊಡು. ಓದೋಕೆ ಬರುತ್ತೋ ಇಲ್ವೋ ಅವಳಿಗೆ.

ತಾಯಿ: ನಾಳೆ ನೀವೂ ಬನ್ನಿ ಅಂತ ಕೇಳೋಕೇ ಬಂದಿದ್ದೆ. ಈಗ ಅನ್ನಿಸ್ತಿದೆ, ನೀವು ಬರಬೇಡಿ.

ಮೇಷ್ಟ್ರು: ಯಾಕಮ್ಮ?

ತಾಯಿ: ನೀವು ಬಂದ್ರೆ ಹೆಡ್‌ಮೇಷ್ಟ್ರು ಎದ್ದು ನಿಂತು ಕುರ್ಚಿ ಕೊಡ್ತಾರೆ. ಮೆಂಬರ್ ಬರ್ತಾರೆ. ಎಲ್ಲರೂ ಕೂತು ರಾಜಿ ಪಂಚಾಯ್ತಿ ಮಾಡಿ, ಆ ಹುಡುಗನ್ನ ಕರೆದು, ಮೂರು ಜನದ ಕೈಗೆ ಅವನ ಕೈ ಕೊಟ್ಟು ಕುಲುಕಿಸ್ತಾರೆ. ಫೋಟೊ ತೆಗೀತಾರೆ. ಅವನ ಅಪ್ಪ ಕೂಲಿ ಕಳ್ಕೊಂಡು ಬಂದು ಬಾಗಿಲಲ್ಲಿ ನಿಂತಿರ್ತಾನೆ.

ಮೇಷ್ಟ್ರು: ಕೈ ಕುಲುಕಿಸಬಾರದು. ಅದರಲ್ಲಿ ನಿನ್ನ ಮಾತು ಸರಿ. ನಾಲ್ಕು ಜನರ ಎದುರು ಅವನು ಬೇಡ ಅಂತ ಹೇಳೋಕೆ ಆಗುತ್ತಾ? ಅದು ಮತ್ತೊಂದು ಸಲ ಮುಖ ತಿರುಗಿಸಿದ ಹಾಗೆ. ಪ್ರೇಯರ್‌ನಲ್ಲಿ ಹೆಸರು ಕರೆದು ನಿಲ್ಲಿಸೋದೂ ಬೇಡ ಅನ್ನು. ಒಬ್ಬೊಬ್ಬರನ್ನೇ ಕರೆಸಿ ಮಾತಾಡಲಿ. ನಿನ್ನ ಮಗನ್ನೂ.

ತಾಯಿ: ಅವನ ಫೋನು ಕಿತ್ಕೋತೀನಿ.

ಮೇಷ್ಟ್ರು: ಕಿತ್ಕೊಂಡ್ರೆ ಮುಂದಿನ ಸಲ ನಿನಗೆ ಏನೂ ಹೇಳಲ್ಲ. ರಾತ್ರಿ ಕೂರಿಸಿಕೊಂಡು ಕೇಳಿದಾಗ ಜೂನಿಂದ ನಡೆದಿದ್ದೆಲ್ಲ ಹೇಳಿದಾನೆ ತಾನೇ? ಸ್ಟಾಫ್ ರೂಮಿಗೆ ಗೊತ್ತಿಲ್ಲದ್ದು ಅವನಿಗೆ ಗೊತ್ತಿದೆ. ಅದನ್ನೇ ಒಂದು ಹಾಳೇಲಿ ಬರೆದು ಹೆಡ್‌ಮೇಷ್ಟ್ರಿಗೆ ಕೊಡಲಿ, ತಾನು ಹೇಳಿದ ಆ ಒಂದು ಮಾತನ್ನೂ ಸೇರಿಸಿ.

ತಾಯಿ: ಬರೆದುಕೊಟ್ರೆ ಆ ಮೂವರು ಇವನ ಮೇಲೆ ಬೀಳ್ತಾರೆ.

ಮೇಷ್ಟ್ರು: ಬೀಳಬಹುದು. ಅದಕ್ಕೇ ಬರೆದಿದ್ದು ಯಾರ ಕೈಗೆ ಹೋಗುತ್ತೆ, ಎಲ್ಲಿರುತ್ತೆ ಅಂತ ಮೊದಲು ಕೇಳಿ ಆಮೇಲೆ ಕೊಡು. ಸ್ಟಾಫ್ ರೂಮಿನ ಟೇಬಲ್ ಮೇಲೆ ಬಿಟ್ಟು ಬರಬೇಡ. ಹತ್ತು ದಿನ ಬಿಟ್ಟು ಮತ್ತೆ ಹೋಗಿ ಏನಾಯ್ತು ಅಂತ ಕೇಳು. ಒಂದು ಸಲ ಬಂದು ಹೋಗೋ ತಾಯಿ ಯಾರಿಗೂ ನೆನಪಿರಲ್ಲ.

ತಾಯಿ: ಬೆಳಿಗ್ಗೆ ಹತ್ತಕ್ಕೆ ಬಾ ಅಂದಿದಾರೆ. ಪೂರ್ತಿ ರಜೆ ಹಾಕಿದ್ರೆ ಅಟೆಂಡೆನ್ಸ್ ಬೋನಸ್ಸು ಹೋಗುತ್ತೆ. ಮಧ್ಯಾಹ್ನದ ಮೇಲೆ ಬರ್ತೀನಿ ಅಂತ ಫೋನ್ ಮಾಡ್ತೀನಿ.

ಮೇಷ್ಟ್ರು: ಒಳ್ಳೇದೇ ಆಯ್ತು. ನಾಲ್ಕೂಕಾಲಿಗೆ ಹೋಗು, ಬೆಲ್ ಹೊಡೆಯೋ ಹೊತ್ತಿಗೆ. ಹೋಗ್ತಾ ಟ್ಯಾಂಕಿನ ಕಡೆಯಿಂದ ಹೋಗು, ಆಮೇಲೆ ಬಸ್‌ಸ್ಟಾಪಲ್ಲಿ ಐದು ನಿಮಿಷ ನಿಂತಿರು. ಹೆಡ್‌ಮೇಷ್ಟ್ರ ರೂಮಿಗೆ ಆಮೇಲೆ ಹೋದರಾಯ್ತು.